ತಪ್ಪು ಯಾರ ಲೆಕ್ಕಕ್ಕೆ

1991ರಲ್ಲಿ ಟಿಮ್ ಬರ್ನರ್ಸ್-ಲೀ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ವೆಬ್‌ನ ಮೊದಲ ಸರ್ವರ್ ನಡೆಸುತ್ತಿದ್ದಾಗ, ಬ್ರೌಸರ್ ಮತ್ತು ಸರ್ವರ್ ನಡುವಿನ ಮಾತುಕತೆಯ ನಿಯಮವಾದ ಎಚ್‌ಟಿಟಿಪಿ ಬಹಳ ಪುಟ್ಟದಾಗಿತ್ತು. ಬ್ರೌಸರ್ ಒಂದು ಸಾಲು ಕಳಿಸಿ ಪುಟ ಕೇಳಬೇಕು, ಸರ್ವರ್ ಆ ಪುಟ ಕೊಟ್ಟು ಸಂಪರ್ಕ ಮುಗಿಸಬೇಕು. ಕೇಳಿದ ಪುಟ ಇಲ್ಲದಿದ್ದರೂ ಸರ್ವರ್ ಏನೋ ಒಂದು ಪುಟವನ್ನೇ ಕೊಡುತ್ತಿತ್ತು. ಏನು ಎಡವಟ್ಟಾಯಿತೆಂದು ಅದರಲ್ಲಿ ಮನುಷ್ಯರು ಓದುವಂತೆ ಬರೆದಿರುತ್ತಿತ್ತು. ಬಂದ ಉತ್ತರ ಸರಿಯಾದದ್ದೋ ಎರರ್ ಸಂದೇಶವೋ ಎಂದು ತಿಳಿಯಬೇಕಾದರೆ ಅದನ್ನು ಓದಿಯೇ ತಿಳಿಯಬೇಕು. ಯಂತ್ರಕ್ಕೆ ಬೇರೆ ಗುರುತು ಇರಲಿಲ್ಲ. ಕೆಲವೇ ವರ್ಷಗಳಲ್ಲಿ ಪ್ರತಿ ಉತ್ತರಕ್ಕೂ ಮೂರಂಕಿಯ ಒಂದು ಸಂಖ್ಯೆ ಬಂತು. ಇದು ಎಂಜಿನಿಯರುಗಳ ಅನುಕೂಲಕ್ಕೆ ಆದ ಚಿಕ್ಕ ಬದಲಾವಣೆಯೆಂದೇ ಸಾಮಾನ್ಯವಾಗಿ ಹೇಳುತ್ತಾರೆ. ಅದು ಚಿಕ್ಕದಾಗಿರಲಿಲ್ಲ ಎಂಬುದು ನನ್ನ ವಾದ. ಅಲ್ಲಿಂದ ಮುಂದೆ ವೆಬ್‌ನಲ್ಲಿ ನಡೆಯುವ ಪ್ರತಿ ತಪ್ಪಿನ ದಾಖಲೆಯೂ ಆ ತಪ್ಪು ಯಾರದೆಂಬ ತೀರ್ಪನ್ನು ಜೊತೆಗೇ ಹೊತ್ತುಕೊಂಡು ಬರತೊಡಗಿತು. ಆ ತೀರ್ಪಿಗೆ ಆಧಾರವಾದ ಲಾಗ್, ಅಂದರೆ ನಡೆದದ್ದನ್ನೆಲ್ಲ ಯಂತ್ರ ಬರೆದಿಡುವ ಕಡತ, ಮಾತ್ರ ಒಂದೇ ಪಕ್ಷದ ಕೈಯಲ್ಲಿ ಉಳಿಯಿತು. ಇವೆರಡೂ ಕೂಡಿ ಮಾಡಿರುವ ಹಾನಿ ಸಣ್ಣದಲ್ಲ.

ಆ ಸಂಖ್ಯೆಗಳ ಬೇರು ವೆಬ್‌ಗಿಂತ ಹಳೆಯದು. 1970ರ ದಶಕದಲ್ಲಿ, ಇಂಟರ್ನೆಟ್ಟಿನ ಪೂರ್ವರೂಪವಾದ ಅರ್ಪಾನೆಟ್‌ನಲ್ಲಿ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಫೈಲ್ ಸಾಗಿಸುವಾಗ ಆ ಕಡೆಯ ಯಂತ್ರ ಮೂರಂಕಿಯ ಉತ್ತರ ಕೊಡುತ್ತಿತ್ತು. 1974ರಲ್ಲಿ ಜಾನ್ ಪೋಸ್ಟೆಲ್ ಮತ್ತು ಸಂಗಡಿಗರು ಆರ್‌ಎಫ್‌ಸಿ 640 ಎಂಬ ಪತ್ರದಲ್ಲಿ ಅದನ್ನು ಕ್ರಮಕ್ಕೆ ತಂದರು. ಮೊದಲ ಅಂಕಿ ನೋಡಿದರೆ ಸಾಕು, ಮುಂದೇನು ಮಾಡಬೇಕೆಂದು ಯಂತ್ರಕ್ಕೆ ತಿಳಿಯಬೇಕು. ಪಕ್ಕದಲ್ಲಿರುವ ಮಾತು ಮನುಷ್ಯರಿಗೆ. 4ರಿಂದ ಶುರುವಾದರೆ ಈಗ ಆಗಲಿಲ್ಲ, ಸ್ವಲ್ಪ ತಡೆದು ಮತ್ತೆ ಕೇಳು ಎಂದರ್ಥ. 5ರಿಂದ ಶುರುವಾದರೆ ಹೀಗೇ ಮತ್ತೆ ಕೇಳಿ ಪ್ರಯೋಜನವಿಲ್ಲ ಎಂದರ್ಥ. 1982ರಲ್ಲಿ ಬಂದ ಇಮೇಲ್ ನಿಯಮವೂ ಇದನ್ನೇ ಅನುಸರಿಸಿತು. ನಾವು ಕಳಿಸುವ ಮೇಲ್ ಆ ಕಡೆಯ ಸರ್ವರ್ ಒಪ್ಪದೆ ಹೋದಾಗ ಇವತ್ತಿಗೂ ಇದೇ ಅರ್ಥದಲ್ಲಿ 4, 5 ಬರುತ್ತವೆ. ಗಮನಿಸಬೇಕಾದದ್ದೇನೆಂದರೆ, ಈ ವಿಂಗಡಣೆಗೆ ಆಧಾರ ಕಾಲ. ತಪ್ಪು ತಾತ್ಕಾಲಿಕವೋ ಶಾಶ್ವತವೋ ಎಂಬಷ್ಟೇ ಪ್ರಶ್ನೆ. ತಪ್ಪು ಯಾರದು ಎಂದು ಅಲ್ಲಿ ಯಾರೂ ಕೇಳಿರಲಿಲ್ಲ. ವೆಬ್ ಈ ಮೂರಂಕಿಯ ರೂಪವನ್ನು ಎರವಲು ಪಡೆಯಿತು, ಅರ್ಥವನ್ನು ಮಾತ್ರ ಬದಲಿಸಿಕೊಂಡಿತು. 1996ರ ಮೇ ತಿಂಗಳಲ್ಲಿ ಪ್ರಕಟವಾದ ಎಚ್‌ಟಿಟಿಪಿ 1.0ರ ಪ್ರಕಾರ 4ರಿಂದ ಶುರುವಾದರೆ ಕೇಳಿದವರ ಕಡೆಯ ತಪ್ಪು, 5ರಿಂದ ಶುರುವಾದರೆ ಸರ್ವರ್ ಕಡೆಯ ತಪ್ಪು. ಯಾವಾಗ ಎಂಬ ಪ್ರಶ್ನೆ ಇದ್ದ ಜಾಗಕ್ಕೆ ಯಾರು ಎಂಬ ಪ್ರಶ್ನೆ ಬಂದು ಕೂತಿತು. ವಿಚಿತ್ರವೆಂದರೆ, ಈ ಪ್ರಶ್ನೆಗೆ ಉತ್ತರ ಹೇಳುವ ಅಧಿಕಾರ ಎರಡು ಪಕ್ಷಗಳಲ್ಲಿ ಒಂದಾದ ಸರ್ವರ್‌ಗೇ ಸಿಕ್ಕಿತು.

ತೀರ್ಪು ಕೊಡುವವನೇ ಕಕ್ಷಿದಾರನೂ ಆದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತಿರುವ 404ರಲ್ಲೇ ಕಾಣಬಹುದು. ಪುಟ ಸಿಗಲಿಲ್ಲ ಎನ್ನುವ ಈ ಸಂಖ್ಯೆ 4ರ ಸಾಲಿನದು, ಅಂದರೆ ನಿಯಮದ ಪ್ರಕಾರ ವಿಳಾಸ ಕೇಳಿದವರ ತಪ್ಪು. ಆದರೆ ಪುಟವನ್ನು ಎತ್ತಿ ಬೇರೆಡೆ ಇಟ್ಟು ಹಳೆಯ ಕೊಂಡಿಯನ್ನು ಹಾಗೇ ಬಿಟ್ಟವರು ಬಹುಪಾಲು ಜಾಲತಾಣದವರೇ. ಇನ್ನೊಂದು ಉದಾಹರಣೆ ನಮಗೆ ಇನ್ನೂ ಹತ್ತಿರದ್ದು. ಕರ್ನಾಟಕದಲ್ಲಿ ಲಕ್ಷಾಂತರ ಜನರಿಗೆ ಮನೆತನದ ಹೆಸರೆಂಬುದು ಇಲ್ಲ. ಊರಿನದೋ ತಂದೆಯದೋ ಮೊದಲಕ್ಷರವನ್ನು ಇನಿಷಿಯಲ್ ಆಗಿ ಇಟ್ಟುಕೊಂಡು ಒಂದೇ ಹೆಸರಿನಲ್ಲಿ ಬದುಕುತ್ತಾರೆ. ಸರ್‌ನೇಮ್ ಕಡ್ಡಾಯವೆನ್ನುವ ಅರ್ಜಿಯಲ್ಲಿ ಅವರು ಆ ಜಾಗ ಖಾಲಿ ಬಿಟ್ಟರೆ ಕೆಂಪಕ್ಷರದ ಎಚ್ಚರಿಕೆ ಬರುತ್ತದೆ. ಒಂದೇ ಅಕ್ಷರ ತುಂಬಿದರೆ ಇಷ್ಟು ಸಾಲದು ಎಂದು ಇನ್ನೊಂದು ಬರುತ್ತದೆ. ಮನುಷ್ಯರ ಹೆಸರುಗಳು ಹೇಗಿರುತ್ತವೆಂದು ಅರಿಯದೆ ಅರ್ಜಿ ಕಟ್ಟಿದವರ ತಪ್ಪು ಸರ್ವರ್‌ನ ಕಡತದಲ್ಲಿ 400 ಎಂದು, ಅರ್ಜಿ ತುಂಬಿದವರ ತಪ್ಪಾಗಿ, ದಾಖಲಾಗುತ್ತದೆ. ತಿಂಗಳ ಕೊನೆಗೆ ವರದಿ ನೋಡುವ ತಂಡ 500ರ ಎಣಿಕೆ ಕಡಿಮೆಯಿದೆ ಎಂದು ನೆಮ್ಮದಿಯಾಗಿರುತ್ತದೆ. 4ರ ಸಾಲನ್ನು ಕಣ್ಣಿಟ್ಟು ನೋಡುವ ತಂಡಗಳು ಕಡಿಮೆ; ಅವು ಹೇಗೂ ಜನರ ತಪ್ಪುಗಳು ಎಂಬ ನಂಬಿಕೆ ಬೇರೂರಿದೆ.

ಇನ್ನು ಆ ಕಡತದ ಕಥೆ. 1993ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರದಲ್ಲಿ ರಾಬ್ ಮೆಕೂಲ್ ಬರೆದ ಸರ್ವರ್ ತಂತ್ರಾಂಶ ಬೇಗ ಹರಡಿತು. ಮುಂದೆ ಅಪಾಚೆ ಹುಟ್ಟಿದ್ದು ಅದರಿಂದಲೇ. ಆ ಕಾಲದ ಸರ್ವರುಗಳು ಒಪ್ಪಿಕೊಂಡ ದಾಖಲೆಯ ಮಾದರಿಗೆ ಕಾಮನ್ ಲಾಗ್ ಫಾರ್ಮ್ಯಾಟ್ ಎಂದು ಹೆಸರು. ಒಂದು ಕೋರಿಕೆಗೆ ಒಂದು ಸಾಲು, ಸಾಲಿನಲ್ಲಿ ಏಳು ಅಂಶ: ಬಂದವರ ಕಂಪ್ಯೂಟರಿನ ವಿಳಾಸ, ಆ ಕಂಪ್ಯೂಟರ್ ತಾನೇ ಹೇಳಿದ ಬಳಕೆದಾರರ ಗುರುತು, ಲಾಗಿನ್ ಆಗಿದ್ದರೆ ಅವರ ಹೆಸರು, ಚೌಕ ಆವರಣದಲ್ಲಿ ದಿನಾಂಕ ಮತ್ತು ಸಮಯ, ಉದ್ಧರಣೆ ಚಿಹ್ನೆಯೊಳಗೆ ಕೋರಿಕೆ, ಮೂರಂಕಿಯ ಸಂಖ್ಯೆ, ಕಳಿಸಿದ ಬೈಟ್‌ಗಳ ಲೆಕ್ಕ. ಇವುಗಳಲ್ಲಿ ಎರಡನೆಯ ಅಂಶದ ಮೇಲೆ ಸ್ವಲ್ಪ ಹೊತ್ತು ಕಣ್ಣು ನಿಲ್ಲಿಸಬೇಕು. ಒಂದು ಕಂಪ್ಯೂಟರನ್ನು ಹತ್ತಾರು ಜನ ಹಂಚಿಕೊಳ್ಳುತ್ತಿದ್ದ ದಿನಗಳಲ್ಲಿ, ಈ ಕೋರಿಕೆ ಕಳಿಸಿದವರು ನಿನ್ನ ಬಳಕೆದಾರರಲ್ಲಿ ಯಾರಪ್ಪಾ ಎಂದು ಆ ಕಂಪ್ಯೂಟರನ್ನೇ ಕೇಳುವ ಐಡೆಂಟ್ ಎಂಬ ವ್ಯವಸ್ಥೆಯೊಂದಿತ್ತು. ಅದು ಹೇಳುವುದನ್ನು ನಂಬಲಾಗದು ಎಂದು ಬೇಗನೆ ತಿಳಿಯಿತು, ಕೇಳುವುದನ್ನೂ ಬಿಟ್ಟರು. ಆದರೆ ಸಾಲಿನಲ್ಲಿ ಅದರ ಜಾಗ ಹಾಗೇ ಉಳಿದಿದೆ. ಇವತ್ತು ಬೆಂಗಳೂರಿನ ಯಾವುದೇ ಕಚೇರಿಯಲ್ಲಿ ಅಪಾಚೆಯದೋ ಎಂಜಿನ್‌ಎಕ್ಸ್‌ನದೋ ಲಾಗ್ ಫೈಲ್ ತೆರೆದರೂ ವಿಳಾಸದ ಮುಂದೆ ಒಂದು ಪುಟ್ಟ ಅಡ್ಡಗೆರೆ ಕಾಣುತ್ತದೆ. ಮೂವತ್ತು ವರ್ಷಗಳಿಂದ ಪ್ರತಿದಿನ ಕೋಟ್ಯಂತರ ಸಾಲುಗಳಲ್ಲಿ ಬರೆಯಲಾಗುತ್ತಿರುವ ಆ ಗೆರೆ, ಲಾಗ್ ಬರೆಯುವ ಪದ್ಧತಿ ಒಮ್ಮೆ ನೆಲೆಯೂರಿದರೆ ಅದನ್ನು ಅಲುಗಾಡಿಸುವುದು ಎಷ್ಟು ಕಷ್ಟವೆಂದು ಹೇಳುತ್ತದೆ. ಆರಂಭದಲ್ಲಿ ಯಾರಿಗಾಗಿ ಬರೆದರೋ ಅವರಿಗಾಗಿಯೇ ಲಾಗ್ ಕೊನೆವರೆಗೂ ಉಳಿದುಬಿಡುತ್ತದೆ.

ಯಾರಿಗಾಗಿ ಬರೆದರು? ಯಂತ್ರ ನೋಡಿಕೊಳ್ಳುವವರಿಗಾಗಿ. 1980ರ ದಶಕದಲ್ಲಿ ಬರ್ಕ್ಲಿಯಲ್ಲಿ ಎರಿಕ್ ಆಲ್ಮನ್ ತಮ್ಮ ಸೆಂಡ್‌ಮೇಲ್ ತಂತ್ರಾಂಶಕ್ಕೆಂದು ಮಾಡಿಕೊಂಡ ಸಿಸ್‌ಲಾಗ್ ಇದಕ್ಕೆ ಸ್ಪಷ್ಟ ಸಾಕ್ಷಿ. ಅಲ್ಲಿಯವರೆಗೆ ಒಂದೊಂದು ಪ್ರೋಗ್ರಾಮು ತನಗೆ ತೋಚಿದಲ್ಲಿ ತೋಚಿದಂತೆ ಗೀಚಿಕೊಳ್ಳುತ್ತಿತ್ತು. ಸಿಸ್‌ಲಾಗ್ ಎಲ್ಲಕ್ಕೂ ಒಂದೇ ಜಾಗ, ಒಂದೇ ಅಳತೆಗೋಲು ಕೊಟ್ಟಿತು. ತುರ್ತು ಪರಿಸ್ಥಿತಿಗೆ 0, ಎರರ್‌ಗೆ 3, ವಾರ್ನಿಂಗ್‌ಗೆ 4, ಡೀಬಗ್‌ಗೆ 7 ಎಂದು ಎಂಟು ದರ್ಜೆಗಳು. ಇಂದಿನ ಬಹುತೇಕ ಲಾಗಿಂಗ್ ಲೈಬ್ರರಿಗಳಲ್ಲಿ ಇದರ ಛಾಯೆ ಇದೆ. ನಾನು ಈ ಕೆಲಸವನ್ನು ಗೌರವದಿಂದಲೇ ನೋಡುತ್ತೇನೆ. ಅದಿಲ್ಲದಿದ್ದರೆ ದೊಡ್ಡ ಜಾಲವೊಂದನ್ನು ನಡೆಸುವುದೇ ಆಗುತ್ತಿರಲಿಲ್ಲ. ಆದರೂ ಆ ಎಂಟು ದರ್ಜೆಗಳು ಅಳೆಯುವುದು ಒಂದನ್ನೇ: ಯಂತ್ರ ನೋಡಿಕೊಳ್ಳುವವರು ಈಗಲೇ ಏಳಬೇಕೋ, ನಾಳೆ ನೋಡಿದರೆ ಸಾಕೋ. ಡಿಸ್ಕ್ ತುಂಬುತ್ತಿದ್ದರೆ ಅದು ಅಲರ್ಟ್. ಒಬ್ಬ ವಿದ್ಯಾರ್ಥಿಯ ಅರ್ಜಿ ಕೊನೆಯ ದಿನ ಸೇವ್ ಆಗದೆ ಹೋದರೆ ಅದು ಒಂದು ಸಾಲಿನ ವಾರ್ನಿಂಗ್. ತಪ್ಪಿನಿಂದ ಯಾರಿಗೆ ಎಷ್ಟು ನಷ್ಟವಾಯಿತು ಎಂದು ಬರೆಯಲು ಆ ಮಾದರಿಯಲ್ಲಿ ಜಾಗ ಇರಲಿಲ್ಲ. ನಂತರ ಬಂದವರು ಅದನ್ನು ಸೇರಿಸಲೂ ಇಲ್ಲ.

ಪ್ರೋಗ್ರಾಮಿನೊಳಗೆ ತಪ್ಪನ್ನು ಸಂಭಾಳಿಸುವ ವಿಧಾನದ ಇತಿಹಾಸ ಇದಕ್ಕೆ ಸಮಾನಾಂತರವಾಗಿ ಸಾಗಿತು. ಸಿ ಭಾಷೆಯಲ್ಲಿ ಫಂಕ್ಷನ್ ಸೋತರೆ ಮೈನಸ್ ಒಂದೋ ಇನ್ನೇನೋ ವಾಪಸ್ ಕೊಡುತ್ತದೆ. ಕರೆದವರು ಅದನ್ನು ನೋಡದೆ ಮುಂದೆ ಹೋದರೆ ಕೇಳುವವರಿಲ್ಲ. ತಪ್ಪನ್ನು ಕಣ್ಣಿಗೆ ಬೀಳದಂತೆ ದಾಟಿಹೋಗುವುದು ಅಸಾಧ್ಯವಾಗಬೇಕೆಂದು ಎಕ್ಸೆಪ್ಷನ್ ಎಂಬ ವಿಧಾನ ಬೆಳೆಯಿತು. 1960ರ ದಶಕದ ಪಿಎಲ್/1 ಭಾಷೆಯಲ್ಲಿ ಅದರ ಮೊದಲ ರೂಪವಿತ್ತು. 1975ರಲ್ಲಿ ಜಾನ್ ಗುಡಿನಫ್ ಅದಕ್ಕೆ ಶಾಸ್ತ್ರೀಯ ಚೌಕಟ್ಟು ಕೊಟ್ಟರು. ಬಾರ್ಬರಾ ಲಿಸ್ಕೊವ್ ಅವರ ತಂಡ ಸಿಎಲ್‌ಯು ಭಾಷೆಯಲ್ಲಿ ಅದನ್ನು ಶಿಸ್ತಾಗಿ ಅಳವಡಿಸಿತು. ಜಾವಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೆಲವು ಬಗೆಯ ಎಕ್ಸೆಪ್ಷನ್‌ಗೆ ಗತಿ ಕಾಣಿಸದಿದ್ದರೆ ಪ್ರೋಗ್ರಾಮನ್ನು ಕಂಪೈಲ್ ಮಾಡುವುದೇ ಇಲ್ಲವೆಂದಿತು. ಅದಕ್ಕೆ ಅವಸರದ ಪ್ರೋಗ್ರಾಮರುಗಳು ಕಂಡುಕೊಂಡ ದಾರಿ ಕ್ಯಾಚ್ ಎಂದು ಬರೆದು ಒಳಗೆ ಏನೂ ಬರೆಯದೆ ಬಿಡುವುದು. ತಪ್ಪು ಸಿಕ್ಕಿಬಿತ್ತು, ಅಲ್ಲೇ ಹೂತುಹೋಯಿತು. ಟೊರಾಂಟೊ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಕಸಾಂಡ್ರಾ, ಎಚ್‌ಬೇಸ್, ರೆಡಿಸ್ ಮುಂತಾದ ಐದು ದೊಡ್ಡ ವ್ಯವಸ್ಥೆಗಳಲ್ಲಿ ಆಗಿದ್ದ 198 ವೈಫಲ್ಯಗಳನ್ನು ಬಿಡಿಸಿ ನೋಡಿದರು. ಅವುಗಳಲ್ಲಿ ಇಡೀ ವ್ಯವಸ್ಥೆಯೇ ಕುಸಿದಂಥ ಪ್ರಕರಣಗಳ ಪೈಕಿ ಶೇ. 92ರಲ್ಲಿ ಕಾರಣ ಒಂದೇ: ಪ್ರೋಗ್ರಾಮು ತಪ್ಪಾಗಿದೆಯೆಂದು ತಾನೇ ಸ್ಪಷ್ಟವಾಗಿ ಹೇಳಿತ್ತು, ಅದನ್ನು ಸಂಭಾಳಿಸಬೇಕಾದ ಕೋಡ್ ಸರಿಯಿರಲಿಲ್ಲ. ಕೆಲವು ಕಡೆ ಅದು ಖಾಲಿ, ಕೆಲವು ಕಡೆ ಮುಂದೆ ಬರೆಯಬೇಕು ಎಂಬ ಟಿಪ್ಪಣಿ, ಕೆಲವು ಕಡೆ ಲಾಗ್‌ಗೆ ಒಂದು ಸಾಲು ಬರೆದು ಕೈತೊಳೆದುಕೊಂಡದ್ದು. ಅದೇ ಅಧ್ಯಯನದ ಇನ್ನೊಂದು ಮಾತು ನನಗೆ ಇದಕ್ಕಿಂತ ಮುಖ್ಯ. ಶೇ. 84ರಷ್ಟು ವೈಫಲ್ಯಗಳಲ್ಲಿ ಅವಕ್ಕೆ ಕಾರಣವಾದ ಘಟನೆಗಳೆಲ್ಲ ಲಾಗ್‌ನಲ್ಲಿ ದಾಖಲಾಗಿದ್ದವು. ಅಂದರೆ ಮಾಹಿತಿಯ ಕೊರತೆ ಇರಲಿಲ್ಲ.

ಇತ್ತ ಬಳಕೆದಾರರಿಗೆ ಏನು ತೋರಿಸಬೇಕು ಎಂಬ ವಿಷಯದಲ್ಲಿ ವೆಬ್ ಒಂದು ತುದಿಯಿಂದ ಇನ್ನೊಂದು ತುದಿಗೆ ಹಾರಿತು. 1990ರ ದಶಕದ ಕೊನೆಯ ಜಾಲತಾಣಗಳಲ್ಲಿ ಡೇಟಾಬೇಸ್ ಕೈಕೊಟ್ಟರೆ ಅದರ ಒಳಗುಟ್ಟೆಲ್ಲ ಪುಟದ ಮೇಲೆ ಸುರಿಯುತ್ತಿತ್ತು: ಯಾವ ಫೈಲ್, ಎಷ್ಟನೆಯ ಸಾಲು, ಯಾವ ಟೇಬಲ್. ಪಿಎಚ್‌ಪಿಯಲ್ಲೂ ಜಾವಾದಲ್ಲೂ ಸ್ಟ್ಯಾಕ್ ಟ್ರೇಸ್ ನೇರ ಬ್ರೌಸರಿಗೇ ಬರುವುದು ಮಾಮೂಲಾಗಿತ್ತು. ಕಳ್ಳರಿಗೆ ಅದು ಮನೆಯ ನಕ್ಷೆ ಕೊಟ್ಟಂತಾಯಿತು. ಅದನ್ನು ಮುಚ್ಚಿರಿ ಎಂದ ಭದ್ರತಾ ತಜ್ಞರ ಸಲಹೆ ಸರಿಯಾದದ್ದೇ. ಆದರೆ ಮುಚ್ಚುವ ಭರದಲ್ಲಿ ಏನೂ ಹೇಳದ ಸಂದೇಶವೊಂದು ಎಲ್ಲೆಡೆ ಬಂದು ಕೂತಿತು: ಏನೋ ತಪ್ಪಾಗಿದೆ, ದಯವಿಟ್ಟು ನಂತರ ಪ್ರಯತ್ನಿಸಿ. ಹಣ ಕಟ್ ಆಗಿದೆಯೋ ಇಲ್ಲವೋ, ಅರ್ಜಿ ಸೇರಿದೆಯೋ ಇಲ್ಲವೋ, ಮತ್ತೆ ಒತ್ತಿದರೆ ಎರಡು ಸಲ ಆಗುತ್ತದೆಯೋ ಎಂದು ತಿಳಿಯದೆ ಜನ ಪರದೆಯ ಮುಂದೆ ಕೂರುತ್ತಾರೆ. ಪೋಸ್ಟೆಲ್ ಕಾಲದ ಯಂತ್ರಕ್ಕೆ ಸಿಗುತ್ತಿದ್ದಷ್ಟು ಮಾಹಿತಿಯೂ, ಅಂದರೆ ತಡೆದು ಮತ್ತೆ ಕೇಳಬಹುದೋ ಬೇಡವೋ ಎಂಬುದೂ, ಇಂದಿನ ಮನುಷ್ಯರಿಗೆ ಸಿಗುತ್ತಿಲ್ಲ.

ಇದೆಲ್ಲ ಕಿರಿಕಿರಿಯ ಮಟ್ಟದಲ್ಲೇ ಉಳಿಯುತ್ತದೆ ಎನ್ನುವವರು ಬ್ರಿಟನ್ನಿನ ಅಂಚೆ ಸಂಸ್ಥೆಯ ಹೊರೈಜನ್ ಪ್ರಕರಣವನ್ನು ನೋಡಬೇಕು. 1999ರಿಂದ ಅಲ್ಲಿನ ಅಂಚೆ ಕಚೇರಿಗಳಿಗೆ ಬಂದ ಹೊರೈಜನ್, ಐಸಿಎಲ್ ಕಂಪನಿ ಕಟ್ಟಿದ, ಮುಂದೆ ಫುಜಿತ್ಸು ಹೆಸರಿನಲ್ಲಿ ನಡೆದ ಲೆಕ್ಕಪತ್ರ ವ್ಯವಸ್ಥೆ. ಶುರುವಿನಲ್ಲಿ ಅದು ಬ್ರೌಸರಿನಲ್ಲಿ ತೆರೆಯುವ ಅಪ್ಲಿಕೇಶನ್ ಆಗಿರಲಿಲ್ಲ. ಕೌಂಟರಿನ ಯಂತ್ರಗಳು ಲೆಕ್ಕ ಬರೆದು ಕೇಂದ್ರಕ್ಕೆ ಕಳಿಸುತ್ತಿದ್ದವು. 2010ರಲ್ಲಿ ಬಂದ ಹೊಸ ಆವೃತ್ತಿಯಲ್ಲಿ ಲೆಕ್ಕವೆಲ್ಲ ಕೇಂದ್ರದ ಸರ್ವರಿಗೇ ಹೋಯಿತು. ಅಲ್ಲಿನ ಸಬ್‌ಪೋಸ್ಟ್‌ಮಾಸ್ಟರುಗಳು ನಮ್ಮಲ್ಲಿಯಂತೆ ಸರ್ಕಾರಿ ನೌಕರರಲ್ಲ. ಹಳ್ಳಿಯಲ್ಲೋ ಪೇಟೆಯಲ್ಲೋ ಅಂಗಡಿ ಇಟ್ಟುಕೊಂಡು ಕರಾರಿನ ಮೇಲೆ ಅಂಚೆ ಕೆಲಸ ನಡೆಸುವವರು. ಲೆಕ್ಕದಲ್ಲಿ ಕೊರತೆ ಬಂದರೆ ಕೈಯಿಂದ ತುಂಬಿಸಬೇಕೆಂಬುದೇ ಕರಾರು ಜಾರಿಯಾಗುತ್ತಿದ್ದ ರೀತಿ. ಹೊರೈಜನ್ ಬಂದ ಮೇಲೆ ಕಾರಣವಿಲ್ಲದೆ ಕೊರತೆಗಳು ತಲೆಯೆತ್ತಿದವು. ಜನ ಮನೆ ಅಡವಿಟ್ಟು ತುಂಬಿದರು, ತುಂಬಲಾಗದವರ ಮೇಲೆ ಕಳ್ಳತನ ಮತ್ತು ಸುಳ್ಳು ಲೆಕ್ಕದ ಮೊಕದ್ದಮೆಗಳಾದವು. 1999ರಿಂದ 2015ರ ನಡುವೆ 900ಕ್ಕೂ ಹೆಚ್ಚು ಮಂದಿಗೆ ಶಿಕ್ಷೆಯಾಯಿತು. ಜೈಲಿಗೆ ಹೋದವರಿದ್ದಾರೆ, ಪ್ರಾಣ ಕಳೆದುಕೊಂಡವರಿದ್ದಾರೆ.

ಹೊರೈಜನ್‌ನಲ್ಲಿ ದೋಷಗಳಿದ್ದವು ಎಂಬುದು ಈಗ ಎಲ್ಲರೂ ಬಲ್ಲ ಸಂಗತಿ. ಆ ದೋಷಗಳು ಬರೆದಿಡಲ್ಪಟ್ಟಿದ್ದವು ಎಂಬುದೇ ಇಲ್ಲಿ ಮುಖ್ಯ. ಫುಜಿತ್ಸುವಿನ ಸಪೋರ್ಟ್ ಸಿಬ್ಬಂದಿ ನೋನ್ ಎರರ್ ಲಾಗ್ ಎಂಬ ಕಡತವನ್ನೇ ಇಟ್ಟುಕೊಂಡಿದ್ದರು. ಯಾವ ಎಡವಟ್ಟು ಹೇಗೆ ಕಾಣಿಸುತ್ತದೆ, ಬಂದರೆ ಏನು ಮಾಡಬೇಕು ಎಂದು ಅದರಲ್ಲಿತ್ತು. 2010ರಲ್ಲಿ ಪತ್ತೆಯಾದ ಒಂದು ದೋಷವನ್ನು ಹತ್ತಿರದಿಂದ ನೋಡೋಣ. ಲೆಕ್ಕದ ಅವಧಿ ಮುಗಿಸುವಾಗ ಒಂದು ಹಂತದಲ್ಲಿ ರದ್ದು ಮಾಡಿ ಮತ್ತೆ ಮುಂದುವರಿದರೆ, ಪರದೆಯ ಮೇಲಿದ್ದ ವ್ಯತ್ಯಾಸ ಮಾಯವಾಗುತ್ತಿತ್ತು. ಕೇಂದ್ರದ ಲೆಕ್ಕದಲ್ಲಿ ಮಾತ್ರ ಜಮೆಗೂ ಖರ್ಚಿಗೂ ತಾಳೆಯಾಗುತ್ತಿರಲಿಲ್ಲ. ಸುಮಾರು 60 ಕಚೇರಿಗಳಿಗೆ ಇದು ತಟ್ಟಿತು. ಈ ಬಗ್ಗೆ ಅಂಚೆ ಸಂಸ್ಥೆಯವರೂ ಫುಜಿತ್ಸುವಿನವರೂ ಕೂತು ಮಾತಾಡಿದ ಟಿಪ್ಪಣಿ ಮುಂದೆ ನ್ಯಾಯಾಲಯಕ್ಕೆ ಬಂತು. ಅದರ ಪ್ರಕಾರ, ಕಚೇರಿಯಲ್ಲಿ ಕೂತವರಿಗೆ ಯಾವ ಎಚ್ಚರಿಕೆಯೂ ಕಾಣುವುದಿಲ್ಲ, ತಮ್ಮ ಲೆಕ್ಕ ಸರಿಹೋಯಿತೆಂದೇ ಅವರು ಭಾವಿಸುತ್ತಾರೆ; ಒಂದು ಎರರ್ ಕೋಡ್ ಹುಟ್ಟುತ್ತದೆ, ಅದರಿಂದ ಯಾವ ಕಚೇರಿಗಳಿಗೆ ತೊಂದರೆಯಾಗಿದೆಯೆಂದು ಫುಜಿತ್ಸು ಗುರುತಿಸಬಹುದು, ಆದರೆ ಕಚೇರಿಯವರಿಗೆ ಅದು ಕಾಣದು. ಈ ವಿಷಯ ಹೊರಬಿದ್ದರೆ ನಡೆಯುತ್ತಿರುವ ಮೊಕದ್ದಮೆಗಳ ಮೇಲೆ ಪರಿಣಾಮವಾದೀತು ಎಂಬ ಆತಂಕವೂ ಅದೇ ಟಿಪ್ಪಣಿಯಲ್ಲಿದೆ. ತಾಂತ್ರಿಕವಾಗಿ ನೋಡಿದರೆ ಆ ವ್ಯವಸ್ಥೆ ಪಠ್ಯಪುಸ್ತಕ ಹೇಳಿದಂತೆಯೇ ನಡೆದುಕೊಂಡಿತ್ತು. ಒಳಗಿನ ವಿವರ ಬಳಕೆದಾರರಿಗೆ ತೋರಿಸಲಿಲ್ಲ, ಪೂರ್ತಿ ವಿವರ ಲಾಗ್‌ಗೆ ಹೋಯಿತು, ಲಾಗ್ ಬಲ್ಲವರ ಕೈಯಲ್ಲಿತ್ತು. ಶಾನುಭೋಗರ ಲೆಕ್ಕದ ಪುಸ್ತಕದ ಮುಂದೆ ಓದು ಬಾರದ ರೈತ ಹೆಬ್ಬೆಟ್ಟು ಒತ್ತಿದಂತೆ, ಅಂಚೆಯಂಗಡಿಯವರು ತಾವು ಕಾಣದ ಲೆಕ್ಕಕ್ಕೆ ಸಹಿ ಹಾಕಬೇಕಾಯಿತು.

ಕಾನೂನು ಇದಕ್ಕೆ ಕೈಜೋಡಿಸಿತು. ಕಂಪ್ಯೂಟರಿನ ದಾಖಲೆಯನ್ನು ಸಾಕ್ಷ್ಯವಾಗಿ ಹಾಜರುಪಡಿಸುವವರು ಆ ಕಂಪ್ಯೂಟರ್ ಸರಿಯಾಗಿ ಕೆಲಸ ಮಾಡುತ್ತಿತ್ತೆಂದು ತೋರಿಸಬೇಕು ಎಂಬ ವಿಧಿಯೊಂದು ಇಂಗ್ಲೆಂಡಿನ 1984ರ ಕಾಯ್ದೆಯಲ್ಲಿತ್ತು. 1999ರ ಕಾಯ್ದೆಯೊಂದು ಅದನ್ನು ತೆಗೆದುಹಾಕಿತು, 2000ದಲ್ಲಿ ಅದು ಜಾರಿಗೆ ಬಂತು. ಕಂಪ್ಯೂಟರ್ ಸರಿಯಿದೆ ಎಂಬುದೇ ಅಲ್ಲಿಂದ ಮುಂದೆ ಪೂರ್ವಭಾವನೆ. ಇಲ್ಲವೆನ್ನುವ ಆರೋಪಿ ಅದನ್ನು ಅಲುಗಾಡಿಸಬೇಕು. ಲಾಗ್ ಕೈಗೆ ಸಿಗದವರು ಹೇಗೆ ಅಲುಗಾಡಿಸುವುದು? ಅಲನ್ ಬೇಟ್ಸ್ ಮುಂದಾಳತ್ವದಲ್ಲಿ 555 ಮಂದಿ ಹೂಡಿದ ಸಿವಿಲ್ ದಾವೆಯಲ್ಲೂ ಆ ಎರರ್ ಲಾಗ್ ಪಡೆಯಲು ಗುದ್ದಾಡಬೇಕಾಯಿತು. 2019ರ ಡಿಸೆಂಬರ್ 16ರಂದು ನ್ಯಾಯಮೂರ್ತಿ ಫ್ರೇಸರ್ ಕೊಟ್ಟ ತೀರ್ಪು ಹೊರೈಜನ್‌ನ ದೋಷಗಳನ್ನು ಒಂದೊಂದಾಗಿ ಬಿಡಿಸಿಟ್ಟಿತು; ದೂರದಿಂದಲೇ ಫುಜಿತ್ಸು ಸಿಬ್ಬಂದಿ ಕಚೇರಿಯ ಲೆಕ್ಕ ತಿದ್ದಬಹುದಿತ್ತೆಂಬುದೂ ಸ್ಥಾಪಿತವಾಯಿತು. 2021ರ ಏಪ್ರಿಲ್‌ನಲ್ಲಿ ಮೇಲ್ಮನವಿ ನ್ಯಾಯಾಲಯ 39 ಮಂದಿಯ ಶಿಕ್ಷೆ ರದ್ದುಮಾಡಿತು. 2024ರಲ್ಲಿ ಸಂಸತ್ತು ಕಾಯ್ದೆಯನ್ನೇ ತಂದು ಉಳಿದವರಲ್ಲಿ ಬಹುಪಾಲು ಮಂದಿಯ ಶಿಕ್ಷೆಗಳನ್ನು ಒಟ್ಟಾಗಿ ತೊಡೆದುಹಾಕಿತು. ಇಪ್ಪತ್ತು ವರ್ಷಗಳ ಕಾಲ 5ರ ಸಾಲಿನ ತಪ್ಪು 4ರ ಸಾಲಿನಲ್ಲಿ ಬರೆಯಲ್ಪಟ್ಟಿತ್ತು.

ಹಾಗಾದರೆ ಲಾಗ್ ಬಾಧಿತರ ಕೈಗೂ ಸಿಗಬೇಕು ಎಂದರೆ, ಅದಕ್ಕೆ ಬರುವ ಆಕ್ಷೇಪಗಳು ಹಗುರವಲ್ಲ. ಲಾಗ್ ತೆರೆದಿಟ್ಟರೆ ಅಪಾಯ ಎನ್ನುವುದು ಮೊದಲನೆಯದು, ಅದಕ್ಕೆ ಪುರಾವೆಯೂ ಇದೆ. 2018ರ ಮೇ ತಿಂಗಳಲ್ಲಿ ಟ್ವಿಟರ್ ತನ್ನ 33 ಕೋಟಿ ಬಳಕೆದಾರರಿಗೂ ಪಾಸ್‌ವರ್ಡ್ ಬದಲಿಸಿಕೊಳ್ಳಿ ಎಂದಿತು. ಪಾಸ್‌ವರ್ಡುಗಳು ಗೂಢಲಿಪಿಗೆ ಹೋಗುವ ಮೊದಲೇ ಒಳಗಿನ ಲಾಗ್ ಒಂದಕ್ಕೆ ಇದ್ದಂತೇ ಬರೆಯಲ್ಪಡುತ್ತಿದ್ದವು. 2021ರ ಡಿಸೆಂಬರ್‌ನಲ್ಲಿ ಬಯಲಾದ ಲಾಗ್‌ಫೋರ್‌ಜೆ ದೋಷ ಇನ್ನೂ ಭಯಂಕರ. ಬಂದ ಮಾತನ್ನು ಬರೆದಿಡುವುದಷ್ಟೇ ಕೆಲಸವಾಗಿದ್ದ ಲೈಬ್ರರಿ, ಆ ಮಾತಿನಲ್ಲಿ ಒಂದು ವಿಶೇಷ ಗುರುತು ಕಂಡರೆ ಅದು ತೋರಿಸಿದ ವಿಳಾಸಕ್ಕೆ ಹೋಗಿ ಅಲ್ಲಿಂದ ಕೋಡ್ ತಂದು ನಡೆಸಿಬಿಡುತ್ತಿತ್ತು. ಲಾಗ್ ಆಗಬಲ್ಲ ಯಾವುದೋ ಒಂದು ಖಾನೆಯಲ್ಲಿ ಕೆಲವು ಅಕ್ಷರ ತುರುಕಿದರೆ ಸರ್ವರ್ ಕೈವಶ. ತೀವ್ರತೆಯ ಅಳತೆಯಲ್ಲಿ ಅದಕ್ಕೆ ಹತ್ತಕ್ಕೆ ಹತ್ತು ಸಿಕ್ಕಿತು, ಪ್ರಪಂಚದಾದ್ಯಂತ ತಂಡಗಳು ಹಗಲು ರಾತ್ರಿ ಸರ್ವರುಗಳನ್ನು ತಿದ್ದಿದವು. ಆದರೆ ಈ ಎರಡೂ ಪ್ರಕರಣ ಹೇಳುವುದು ಲಾಗ್‌ಗೆ ಏನು ಬರೆಯಬೇಕೆಂಬ ವಿವೇಚನೆಯ ಬಗ್ಗೆ. ಅವುಗಳಲ್ಲಿ ಯಾವುದೂ ಬಾಧಿತರಿಗೆ ಅವರದೇ ವ್ಯವಹಾರದ ಸಾಲುಗಳನ್ನು ಕೊಟ್ಟದ್ದರಿಂದ ಆದದ್ದಲ್ಲ. ಬಾಗಿಲು ಮುಚ್ಚಿದ್ದಾಗಲೇ ಆದದ್ದು.

ಎರಡನೆಯ ಆಕ್ಷೇಪ, ಸಾಮಾನ್ಯರಿಗೆ ಲಾಗ್ ಕೊಟ್ಟರೂ ಅರ್ಥವಾಗದು, ಕೋಟಿ ಸಾಲುಗಳಲ್ಲಿ ಅವರು ಏನು ಹುಡುಕಿಯಾರು ಎಂಬುದು. ಬ್ಯಾಂಕಿನ ಲೆಡ್ಜರು ನ್ಯಾಯಾಲಯಕ್ಕೆ ಬಂದಾಗ ಕಕ್ಷಿದಾರರು ತಾವೇ ಓದಬೇಕಿಲ್ಲ, ಅವರ ಪರವಾಗಿ ಓದಬಲ್ಲವರು ಓದುತ್ತಾರೆ. ಲಾಗ್‌ಗೂ ಅದೇ ದಾರಿ. ಇನ್ನು ರಾಶಿಯಲ್ಲಿ ಒಂದು ಸಾಲು ಹುಡುಕುವ ತೊಡಕನ್ನು ತಂತ್ರಜ್ಞಾನವೇ ಬಿಡಿಸಿದೆ. ಒಂದು ಕೋರಿಕೆ ಹತ್ತಾರು ಸರ್ವರ್ ಹಾದುಹೋಗುವಾಗ ಅದಕ್ಕೆ ಉದ್ದಕ್ಕೂ ಒಂದೇ ಗುರುತಿನ ಸಂಖ್ಯೆ ಅಂಟಿಸುವ ವಿಧಾನವನ್ನು ಗೂಗಲ್ 2010ರಲ್ಲಿ ಡ್ಯಾಪರ್ ಎಂಬ ಪ್ರಬಂಧದಲ್ಲಿ ವಿವರಿಸಿತು. 2020ರಲ್ಲಿ ವೆಬ್‌ನ ಮಾನಕ ಸಂಸ್ಥೆ ಡಬ್ಲ್ಯು3ಸಿ ಅದಕ್ಕೊಂದು ಸಾಮಾನ್ಯ ರೂಪ ಕೊಟ್ಟಿತು. ಆ ಸಂಖ್ಯೆಯನ್ನು ಎರರ್ ಪುಟದ ಮೇಲೆ ತೋರಿಸುವುದಕ್ಕೆ ಹೆಚ್ಚೆಂದರೆ ಒಂದೆರಡು ಸಾಲು ಕೋಡ್ ಬೇಕು. ಕಳ್ಳರಿಗೆ ಅದರಿಂದ ಏನೂ ತಿಳಿಯದು, ದೂರು ಕೊಡುವವರ ಕೈಗೆ ಮಾತ್ರ ಒಂದು ಹಿಡಿ ಸಿಗುತ್ತದೆ. ಹಾಗೆ ತೋರಿಸದಿರುವುದಕ್ಕೆ ತಾಂತ್ರಿಕ ಕಾರಣ ಉಳಿದಿಲ್ಲ.

ನಮ್ಮ ದೇಶದಲ್ಲಿ ಈ ಇತಿಹಾಸ ಸ್ವಲ್ಪ ಬೇರೆ ದಾರಿ ಹಿಡಿದಿದೆ, ಅದನ್ನು ಮೆಚ್ಚಲೇಬೇಕು. 2016ರಲ್ಲಿ ಶುರುವಾದ ಯುಪಿಐ ವ್ಯವಸ್ಥೆಯಲ್ಲಿ ವಿಫಲವಾದ ಪಾವತಿಗಳನ್ನು ಎರಡು ಬಗೆಯಾಗಿ ಎಣಿಸುತ್ತಾರೆ. ಪಿನ್ ತಪ್ಪಾಯಿತು, ಮಿತಿ ಮೀರಿತು ಎಂಬಂಥವು ಬಿಸಿನೆಸ್ ಡಿಕ್ಲೈನ್. ಬ್ಯಾಂಕಿನದೋ ಜಾಲದ್ದೋ ಯಂತ್ರ ಕೈಕೊಟ್ಟದ್ದು ಟೆಕ್ನಿಕಲ್ ಡಿಕ್ಲೈನ್. ವೆಬ್‌ನ 4 ಮತ್ತು 5ರ ವಿಂಗಡಣೆಯೇ ಇದು. ವ್ಯತ್ಯಾಸ ಏನೆಂದರೆ ಯುಪಿಐ ನಡೆಸುವ ಎನ್‌ಪಿಸಿಐ ಪ್ರಮುಖ ಬ್ಯಾಂಕುಗಳ ಈ ಶೇಕಡಾವಾರು ಲೆಕ್ಕವನ್ನು ಪ್ರಕಟಿಸುತ್ತದೆ, ಯಾರು ಬೇಕಾದರೂ ನೋಡಬಹುದು. ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರ್ 20ರ ಸುತ್ತೋಲೆಯಲ್ಲಿ ಇನ್ನೂ ಮುಂದೆ ಹೋಯಿತು. ಎಟಿಎಂನಲ್ಲಿ ಖಾತೆಯಿಂದ ಹಣ ಕಟ್ ಆಗಿ ನೋಟು ಹೊರಬರದಿದ್ದರೆ ಐದು ದಿನದೊಳಗೆ, ಯುಪಿಐನಲ್ಲಿ ಕಳಿಸಿದ ಹಣ ಸೇರಬೇಕಾದವರಿಗೆ ಸೇರದಿದ್ದರೆ ಮರುದಿನದೊಳಗೆ ವಾಪಸ್ ಬರಬೇಕು. ತಪ್ಪಿದರೆ ದಿನಕ್ಕೆ 100 ರೂಪಾಯಿ ಪರಿಹಾರ, ಅದೂ ಗ್ರಾಹಕರು ದೂರು ಕೊಡುವವರೆಗೆ ಕಾಯದೆ. ಅದಕ್ಕೂ ಮೊದಲು, 2017ರ ಜುಲೈ 6ರ ಸುತ್ತೋಲೆಯಲ್ಲಿ, ಅನುಮತಿಯಿಲ್ಲದೆ ನಡೆದ ಎಲೆಕ್ಟ್ರಾನಿಕ್ ವ್ಯವಹಾರದಲ್ಲಿ ಹೊಣೆ ಗ್ರಾಹಕರದೆಂದು ಸಾಬೀತು ಮಾಡುವ ಭಾರ ಬ್ಯಾಂಕಿನದೇ ಎಂದು ಅದು ಸ್ಪಷ್ಟಪಡಿಸಿತ್ತು. ಲಾಗ್ ಯಾರ ಬಳಿ ಇದೆಯೋ ಸಾಬೀತು ಮಾಡುವ ಹೊಣೆಯೂ ಅವರದೇ. ಇದು ಹೊರೈಜನ್‌ನ ನೇರ ವಿರುದ್ಧ ದಿಕ್ಕು. ಎಟಿಎಂ ವ್ಯಾಜ್ಯಗಳಲ್ಲಿ ಗ್ರಾಹಕ ನ್ಯಾಯಾಲಯಗಳು ಯಂತ್ರದ ಜರ್ನಲ್ ಲಾಗನ್ನು ತನ್ನಿ ಎಂದು ಬ್ಯಾಂಕನ್ನೇ ಕೇಳುವುದು ಇದೇ ನ್ಯಾಯದ ಮೇಲೆ.

ಕಾನೂನಿನಲ್ಲೂ ನಾವು ಇಂಗ್ಲೆಂಡ್ ಬಿಟ್ಟ ದಾರಿಯನ್ನೇ ಹಿಡಿದೆವು. ಅಲ್ಲಿ ಕಂಪ್ಯೂಟರ್ ಸರಿಯಿತ್ತೆಂದು ತೋರಿಸುವ ಹೊರೆ ಇಳಿದ 2000ದಲ್ಲೇ, ಇಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಮೂಲಕ ಸಾಕ್ಷ್ಯ ಅಧಿನಿಯಮಕ್ಕೆ ಅದೇ ಹೊರೆ ಹೊರಿಸುವ 65ಬಿ ಕಲಮು ಸೇರಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ಅದನ್ನು ಮುಂದುವರಿಸಿ, ದಾಖಲೆ ಹಾಜರುಪಡಿಸುವವರ ಜೊತೆಗೆ ತಜ್ಞರೊಬ್ಬರ ಪ್ರಮಾಣಪತ್ರವನ್ನೂ, ಫೈಲ್ ಬದಲಾಗಿಲ್ಲವೆಂದು ತೋರಿಸುವ ಹ್ಯಾಶ್ ಮೌಲ್ಯವನ್ನೂ ಕೇಳುತ್ತದೆ. ಇದು ಒಳ್ಳೆಯದೇ, ಆದರೆ ಸಾಲದು. ಫೈಲ್ ಬರೆದ ಮೇಲೆ ಬದಲಾಗಿಲ್ಲವೆಂದು ಹ್ಯಾಶ್ ಹೇಳಬಲ್ಲದು. ಬರೆಯುವಾಗಲೇ ತಪ್ಪು ಬರೆದಿತ್ತೋ ಎಂದು ಹೇಳಲಾರದು. ಹೊರೈಜನ್‌ನ ಲೆಕ್ಕಗಳಿಗೂ ಬೇಕಾದಷ್ಟು ಹ್ಯಾಶ್ ಕೊಡಬಹುದಿತ್ತು. ಆ ಕಾಲದಲ್ಲಿ ಆ ವ್ಯವಸ್ಥೆಯಲ್ಲಿ ಗೊತ್ತಿದ್ದ ದೋಷಗಳ ಪಟ್ಟಿಯೂ ದಾಖಲೆಯ ಜೊತೆಗೆ ಬರಬೇಕು. ಹಾಗೆ ಕೇಳುವ ಖಾನೆ ಆ ಪ್ರಮಾಣಪತ್ರದ ನಮೂನೆಯಲ್ಲಿಲ್ಲ.

ಉಳಿದದ್ದು ಲಾಗ್ ಎಷ್ಟು ಕಾಲ ಇರಬೇಕೆಂಬ ಪ್ರಶ್ನೆ. ಲಾಗ್ ಇಡಲು ಡಿಸ್ಕಿಗೆ ಹಣ ಬೇಕು, ಹಾಗಾಗಿ ಕಂಪನಿಗಳು ಹಳೆಯದನ್ನು ಅಳಿಸುತ್ತ ಹೋಗುತ್ತವೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ದೇಶದಲ್ಲಿ ಸೇವೆ ಕೊಡುವವರು ತಮ್ಮ ವ್ಯವಸ್ಥೆಗಳ ಲಾಗನ್ನು 180 ದಿನ ಕಾಪಾಡಬೇಕು. ಅದು ಸೈಬರ್ ದಾಳಿಯ ತನಿಖೆಗೆಂದು ಇಟ್ಟ ಅವಧಿ, ಆ ಉದ್ದೇಶಕ್ಕೆ ತಕ್ಕದ್ದೇ. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರು ಕೊಡಲು ಎರಡು ವರ್ಷ ಕಾಲಾವಕಾಶವಿದೆ. ಹಣದ ವ್ಯವಹಾರದ ದಾಖಲೆಯನ್ನು ಬ್ಯಾಂಕುಗಳು ಬೇರೆ ಕಾಯ್ದೆಯ ಕಾರಣಕ್ಕೆ ಐದು ವರ್ಷ ಇಡುತ್ತವೆ, ಸರಿ. ಆದರೆ ಸರ್ಕಾರಿ ಪೋರ್ಟಲಿನಲ್ಲಿ ಸೇವ್ ಆಗದ ಅರ್ಜಿ, ಪರೀಕ್ಷೆಯ ನಡುವೆ ಲಾಗ್‌ಔಟ್ ಆದ ಪರದೆ, ಎರಡು ಸಲ ಒತ್ತಿದ್ದಕ್ಕೆ ತಿರಸ್ಕೃತವಾದ ನೋಂದಣಿ ಇವುಗಳ ಎರರ್ ಲಾಗ್ ಹಣದ ದಾಖಲೆಯಲ್ಲ. ಏಳನೆಯ ತಿಂಗಳಲ್ಲಿ ದೂರು ಹೊತ್ತು ಬಂದವರಿಗೆ ಲಾಗ್ ಉಳಿದಿಲ್ಲ ಎಂದರೆ ಆ ನಿರ್ದೇಶನದ ಪ್ರಕಾರ ಅದು ತಪ್ಪೇ ಅಲ್ಲ. ದೂರಿಗೆ ಎಷ್ಟು ಕಾಲಾವಕಾಶವಿದೆಯೋ ಅಷ್ಟು ಕಾಲವಾದರೂ ಆ ದೂರಿಗೆ ಸಂಬಂಧಿಸಿದ ಎರರ್ ಲಾಗ್ ಇರಬೇಕು, ಮತ್ತು ಲಾಗ್ ಅಳಿಸಿದವರು ಅದರ ಲಾಭ ಪಡೆಯಬಾರದು. ಕಡತ ಮುಂದಿಡಲಾಗದ ಪಕ್ಷದ ವಿರುದ್ಧ ನ್ಯಾಯಾಲಯ ಪ್ರತಿಕೂಲ ಊಹೆ ಮಾಡಬಹುದೆಂಬ ತತ್ವ ನಮ್ಮ ಸಾಕ್ಷ್ಯ ಕಾನೂನಿನಲ್ಲಿ ಮೊದಲಿನಿಂದ ಇದೆ. ಅದನ್ನು ಅಳಿಸಿದ ಲಾಗ್‌ಗೂ ಅನ್ವಯಿಸಲು ಹೊಸ ಕಾಯ್ದೆ ಬೇಕಾಗಿಲ್ಲ. ಸಹಾಯವಾಣಿಗೆ ಕರೆ ಮಾಡಿದವರು ತಮ್ಮ ಕೋರಿಕೆಯ ಗುರುತಿನ ಸಂಖ್ಯೆ ಕೊಟ್ಟು, ಈ ಸಾಲುಗಳನ್ನು ಅಳಿಸಬೇಡಿ ಎಂದು ದಾಖಲಿಸುವ ವ್ಯವಸ್ಥೆಯಿದ್ದರೆ ಸಾಕು.